ಒಂದು ಪೆಟ್ಟಿಗೆ, ಹತ್ತು ಸರ್ವರ್: ಯಾವ ಹೈಪರ್‌ವೈಸರ್?

ಒಂದೇ ಪೆಟ್ಟಿಗೆಯಲ್ಲಿ ಹಲವು ಸರ್ವರ್‌ಗಳನ್ನು ಓಡಿಸುವ ತಂತ್ರಾಂಶವೇ ಹೈಪರ್‌ವೈಸರ್. ವಿಎಂವೇರ್, ಕೆವಿಎಂ ಅಂಥವು. ವಿಂಡೋಸ್ ಸರ್ವರ್ ಒಂದನ್ನು ವಿಎಂವೇರ್‌ನಿಂದ ಕೆವಿಎಂಗೆ ಮೊದಲ ಸಲ ಸಾಗಿಸಿದವರಲ್ಲಿ ಹಲವರು ಇದನ್ನು ಕಂಡಿರುತ್ತಾರೆ. ಡಿಸ್ಕ್ ಫೈಲು ಪೂರ್ತಿ ಕಾಪಿ ಆಗಿದೆ. ಫಾರ್ಮ್ಯಾಟ್ ಬದಲಿಸಿದ್ದೂ ಆಯಿತು. ಆನ್ ಮಾಡಿದರೆ ನೀಲಿ ಪರದೆ. ಬೂಟ್ ಡಿಸ್ಕ್ ಸಿಗ್ತಾ ಇಲ್ಲ ಅನ್ನುತ್ತದೆ ವಿಂಡೋಸ್. ಡಿಸ್ಕ್ ಅಲ್ಲೇ ಇದೆ, ಅದನ್ನು ಓದುವ ಡ್ರೈವರ್ ಇಲ್ಲ ಅಷ್ಟೇ.

ಒಳಗಿರುವ ವಿಂಡೋಸ್ ತನ್ನ ಕೆಳಗೆ ನಿಜವಾದ ಯಂತ್ರವೇ ಇದೆ ಅಂದುಕೊಂಡು ಕೆಲಸ ಮಾಡುತ್ತದೆ. ಯಂತ್ರದ ವೇಷ ಹಾಕಿರುವುದು ಹೈಪರ್‌ವೈಸರ್. ಒಂದೊಂದು ಹೈಪರ್‌ವೈಸರ್‌ನದು ಒಂದೊಂದು ವೇಷ. ಕೆವಿಎಂ ತೋರಿಸುವ ವೇಗದ ಡಿಸ್ಕ್‌ಗೆ ವರ್ಟ್‌ಐಒ ಎಂಬ ಡ್ರೈವರ್ ಬೇಕು. ಲಿನಕ್ಸ್‌ನಲ್ಲಿ ಅದು ಮೊದಲೇ ಇರುತ್ತದೆ, ವಿಂಡೋಸ್‌ಗೆ ನಾವೇ ಹಾಕಬೇಕು. ಹೊರಡುವ ಮುಂಚೆ ಮರೆತರೆ ಸ್ವಲ್ಪ ಸರ್ಕಸ್ ಇದೆ: ಬೂಟ್ ಡಿಸ್ಕನ್ನು ವಿಂಡೋಸ್‌ಗೆ ಮೊದಲೇ ಗೊತ್ತಿರುವ ಸಾಟಾ ಬಗೆಯದು ಅಂತ ತೋರಿಸಿ ಎಬ್ಬಿಸಿ, ಪಕ್ಕದಲ್ಲಿ ಪುಟ್ಟದೊಂದು ಖಾಲಿ ವರ್ಟ್‌ಐಒ ಡಿಸ್ಕ್ ಇಟ್ಟು, ಡ್ರೈವರ್ ಹಾಕಿ, ಆಮೇಲೆ ಬದಲಿಸಬೇಕು.

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣವಿದೆ. ವ್ಯವಹಾರಕ್ಕೊಂದು ವೇದಿಕೆ ಆರಿಸುವಾಗ ಬಹಳ ಜನ 'ಯಾವುದು ಫಾಸ್ಟ್?' ಅಂತ ಕೇಳುತ್ತಾರೆ. ಅದು ಹಳೇ ಪ್ರಶ್ನೆ. 1999ರಲ್ಲಿ ವಿಎಂವೇರ್ ಕಂಪನಿಯ ಮೊದಲ ತಂತ್ರಾಂಶ ಬಂದಾಗ ಅದಕ್ಕೆ ಅರ್ಥವಿತ್ತು. ಆಗಿನ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಚಿಪ್‌ಗಳಲ್ಲಿ ಪಾಪ್‌ಎಫ್‌ನಂಥ ಕೆಲವು ಆದೇಶಗಳಿದ್ದವು. ಇಂಟರಪ್ಟ್ (ನಡುವೆ ಬಂದು ಚಿಪ್‌ನ ಗಮನ ಸೆಳೆಯುವ ಸೂಚನೆ) ನಿಲ್ಲಿಸು ಅಂತ ಒಳಗಿನ ಓಎಸ್, ಅಂದರೆ ವಿಂಡೋಸ್‌ನಂಥದ್ದು, ಅದರ ಮೂಲಕ ಕೇಳಿದರೆ, ನಿನಗೆ ಅಧಿಕಾರವಿಲ್ಲ ಎಂದು ಚಿಪ್ ಗಲಾಟೆ ಮಾಡಬೇಕಿತ್ತು. ಮಾಡುತ್ತಿರಲಿಲ್ಲ. ಸುಮ್ನೆ ಕಿವುಡಾಗುತ್ತಿತ್ತು. ಹೈಪರ್‌ವೈಸರ್‌ಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹಾಗಾಗಿ ವಿಎಂವೇರ್ ಅಂಥ ಆದೇಶಗಳನ್ನು ಓಡುವ ಹೊತ್ತಿಗೇ ಹುಡುಕಿ ತಿದ್ದಿ ಬರೆಯುತ್ತಿತ್ತು. 2003ರಲ್ಲಿ ಬಂದ ಜೆನ್ ಎಂಬ ಹೈಪರ್‌ವೈಸರ್ ಒಳಗಿನ ಓಎಸ್‌ನ ಕೋಡನ್ನೇ ಬದಲಿಸುವ ದಾರಿ ಹಿಡಿಯಿತು. 2005-06ರಲ್ಲಿ ಇಂಟೆಲ್, ಎಎಂಡಿ ಎರಡೂ ಇದಕ್ಕೆ ಚಿಪ್‌ನಲ್ಲೇ ಏರ್ಪಾಡು ಮಾಡಿದವು. 2007ರಲ್ಲಿ ಕೆವಿಎಂ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿತು, 2008ರಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಂತು. ಈಗ ಕಷ್ಟದ ಕೆಲಸವನ್ನು ಎಲ್ಲರಿಗೂ ಚಿಪ್ಪೇ ಮಾಡಿಕೊಡುತ್ತದೆ. ಮಾಮೂಲಿ ಆಫೀಸ್ ಕೆಲಸದಲ್ಲಿ ವೇಗದ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ.

ನಾನು ಮೊದಲು ನೋಡುವುದು ಹೊರಗೆ ಬರುವ ದಾರಿ. 2023ರ ನವೆಂಬರ್‌ನಲ್ಲಿ ಚಿಪ್ ಕಂಪನಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ದುಡ್ಡು ಕೊಟ್ಟರೆ ಸದಾ ನಮ್ಮದಾಗುವ ಲೈಸೆನ್ಸ್ ನಿಂತಿತು. ಇನ್ನು ಚಂದಾ ಮಾತ್ರ. ಲೆಕ್ಕ ಚಿಪ್‌ನೊಳಗಿನ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಮೇಲೆ, ಒಂದು ಸಿಪಿಯುಗೆ ಕನಿಷ್ಠ 16. ಎಂಟು ಕೋರಿನ ಹಳೇ ಚಿಪ್ ಇದ್ದರೂ ಹದಿನಾರರ ದುಡ್ಡು ತೆರಬೇಕು! ತಂತ್ರಾಂಶ ಕೆಟ್ಟಿಲ್ಲ, ಓಡುತ್ತಿರುವ ಸರ್ವರನ್ನು ನಿಲ್ಲಿಸದೆ ಬೇರೆ ಪೆಟ್ಟಿಗೆಗೆ ದಾಟಿಸುವ ಕೆಲಸದಲ್ಲಿ ಅದು ಪಳಗಿದ ಕೈ. ಆದರೆ ಸಣ್ಣ ಕಂಪನಿಗಳ ಲೆಕ್ಕ ತಲೆಕೆಳಗಾಯಿತು.

ಒಳಗೆ ವಿಂಡೋಸ್ ಸರ್ವರ್‌ಗಳೇ ಜಾಸ್ತಿ ಇದ್ದರೆ ಹೈಪರ್-ವಿಯನ್ನು ಪಕ್ಕಕ್ಕೆ ತಳ್ಳಬೇಡಿ. ವಿಂಡೋಸ್ ಲೈಸೆನ್ಸ್ ಯಾವ ಹೈಪರ್‌ವೈಸರ್ ಮೇಲಿದ್ದರೂ ಕೊಳ್ಳಲೇಬೇಕು, ಅಲ್ವಾ? ಅದರ ಜೊತೆಗೇ ಹೈಪರ್-ವಿ ಬರುತ್ತದೆ. ಕೆವಿಎಂ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್ ಉಚಿತ, ಬೆಂಬಲಕ್ಕೆ ಬೇಕಾದರೆ ಚಂದಾ. ಅದರ ಬುಡದಲ್ಲಿ ಡೆಬಿಯನ್ ಲಿನಕ್ಸ್ ಇದೆ. ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿ ನಿಂತರೆ ಕಮ್ಯಾಂಡ್ ಲೈನ್ ಮುಂದೆ ಕೂರುವವರು ನಿಮ್ಮಲ್ಲಿ ಯಾರು? ಉತ್ತರವಾಗಿ ಹೆಸರೇ ಬರದಿದ್ದರೆ 'ಉಚಿತ' ಅನ್ನುವ ಮಾತನ್ನು ಅಷ್ಟಾಗಿ ನಂಬಬೇಡಿ.

ತೀರ್ಮಾನಕ್ಕೆ ಮುಂಚೆ ಒಂದು ದಿನ ಖರ್ಚು ಮಾಡಿ. ಹಳೇ ಸರ್ವರ್ ಒಂದಕ್ಕೆ ಹೊಸ ವೇದಿಕೆ ಹಾಕಿ, ನಿಮ್ಮ ಅತಿ ಮುಖ್ಯ ಸರ್ವರ್‌ನ ಬ್ಯಾಕಪ್ ಅಲ್ಲಿಗೆ ಇಳಿಸಿ ನೋಡಿ. ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಸಾಲದು. ಅದು ಮೂಲ ಡಿಸ್ಕನ್ನೇ ನೆಚ್ಚಿಕೊಂಡಿರುತ್ತದೆ, ಡಿಸ್ಕ್ ಹೋದರೆ ಅದೂ ಹೋಯಿತು. ಲಾಗಿನ್ ಆಗುವವರೆಗೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿತು ಬರೆದಿಟ್ಟುಕೊಳ್ಳಿ. ನೆಟ್‌ವರ್ಕ್ ಕೇಬಲ್ ಮಾತ್ರ ಸಿಕ್ಕಿಸಬೇಡಿ. ಒಂದೇ ಐಪಿ ವಿಳಾಸ ಹಿಡಿದು ಎರಡು ಸರ್ವರ್ ಒಟ್ಟಿಗೆ ಎದ್ದರೆ, ಇಡೀ ಆಫೀಸು ನಿಮ್ಮ ಮೇಜಿನ ಮುಂದೆ ನಿಂತಿರುತ್ತದೆ.