ಮೂರನೇ ತಿಂಗಳ ಮೂವತ್ತು ಮೈಕ್ರಾನ್

ಪಾಂಡವಪುರದ ಕಡೆಯ ಹುಡುಗ. ಕೆರಟೋಕೋನಸ್ (ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ತೊಂದರೆ) ಇದ್ದ ಬಲಗಣ್ಣಿಗೆ, ಕಾರ್ನಿಯಾ ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಮಾಡಿ ಮೂರು ತಿಂಗಳಾಗಿತ್ತು. ಮೈಸೂರಿನ ನಮ್ಮ ಕ್ಲಿನಿಕ್ಕಿಗೆ ಚೆಕಪ್‌ಗೆ ಬಂದಾಗ ಅವನ ತಾಯಿ ಎರಡು ರಿಪೋರ್ಟನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಕಾರ್ನಿಯಾದ ದಪ್ಪ ಹಳೆಯದರಲ್ಲಿ 468 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಹೊಸದರಲ್ಲಿ 438. ಎರಡಕ್ಕೂ ಪೆನ್ನಿನಲ್ಲಿ ಸುತ್ತು ಹಾಕಿದ್ದರು.

"ಡಾಕ್ಟ್ರೇ, ಕಣ್ಣು ಗಟ್ಟಿಯಾಗ್ಲಿ ಅಂತ ಮಾಡಿಸಿದ್ವಿ. ಇನ್ನೂ ತೆಳ್ಳಗಾಗಿದೆಯಲ್ಲ?"

ಗಟ್ಟಿಯಾಗುವುದು ಬೇರೆ, ದಪ್ಪವಾಗುವುದು ಬೇರೆ. ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿ ಹಾಕಿ ನೇರಳಾತೀತ ಬೆಳಕು ಬಿಟ್ಟಾಗ ಕಾರ್ನಿಯಾದ ಎಳೆಗಳ ನಡುವೆ ಹೊಸ ಬೆಸುಗೆ ಬೀಳುತ್ತದೆ. ಎಳೆಗಳು ಒತ್ತೊತ್ತಾಗುತ್ತವೆ. ಹಗ್ಗಕ್ಕೆ ಹುರಿ ಬಿಗಿದಷ್ಟೂ ಸಣ್ಣಗಾಗುತ್ತದೆ, ಅಲ್ವಾ? ಹಾಗೆ ಅಂದಾಗ ಆ ತಾಯಿಗೆ ತಟ್ಟನೆ ಅರ್ಥವಾಯಿತು. ಅದರ ಜೊತೆಗೆ, ಚಿಕಿತ್ಸೆಗೆಂದು ನಾವು ತೆಗೆಯುವ ಸುಮಾರು 50 ಮೈಕ್ರಾನಿನ ಮೇಲ್ಪೊರೆ ಒಂದು ವಾರದಲ್ಲಿ ಮುಚ್ಚಿಕೊಂಡರೂ ಮೊದಲಿನ ದಪ್ಪಕ್ಕೆ ಬರಲು ತಿಂಗಳುಗಳೇ ಬೇಕು. ಹೀಗಾಗಿ ಮೊದಲ ಮೂರು ತಿಂಗಳು ಅಂಕಿ ಇಳಿಯುವುದು ಮಾಮೂಲು. ಆಮೇಲೆ ನಿಧಾನವಾಗಿ ಏರಿ, ಒಂದು ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ಹಳೆಯ ಅಂಕಿಯ ಹತ್ತಿರ ಬರುತ್ತದೆ.

ಇದರಲ್ಲಿ ಯಂತ್ರದ ಪಾಲೂ ಇದೆ. ಚಿಕಿತ್ಸೆಯ ನಂತರ ಕಾರ್ನಿಯಾದೊಳಗೆ ಕೆಲವು ತಿಂಗಳು ತೆಳು ಮಂಜು ಕಟ್ಟಿರುತ್ತದೆ. ಪೆಂಟಾಕ್ಯಾಮ್‌ನಂಥ ಕ್ಯಾಮೆರಾ ಯಂತ್ರ ಅಳೆಯುವುದು ಬೆಳಕಿನಿಂದ. ಮಂಜಿನಲ್ಲಿ ಅದಕ್ಕೆ ಹಿಂಬದಿಯ ಅಂಚು ಸರಿಯಾಗಿ ಸಿಗದೆ, ಇರುವುದಕ್ಕಿಂತ ತೆಳು ಎಂದು ತೋರಿಸಬಹುದು. ಅವತ್ತೇ ಅದೇ ಕಣ್ಣಿಗೆ, ಕಾರ್ನಿಯಾದ ಅಡ್ಡಸೀಳಿನ ಚಿತ್ರ ಕೊಡುವ ಓಸಿಟಿ ಎಂಬ ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿಸಿದೆ. ಬಂದದ್ದು 451. ಕಣ್ಣು ಒಂದೇ, ಅರ್ಧ ಗಂಟೆಯ ಅಂತರ, 13 ಮೈಕ್ರಾನ್ ವ್ಯತ್ಯಾಸ! ಕಡ್ಡಿಯಂಥ ಸಲಕರಣೆಯ ತುದಿಯನ್ನು ಕಾರ್ನಿಯಾಕ್ಕೆ ತಾಗಿಸಿ ನೋಡುವ ಅಲ್ಟ್ರಾಸೌಂಡ್ ಇನ್ನೊಂದೇ ಅಂಕಿ ಕೊಡುತ್ತದೆ. ತೀರಾ ತೆಳುವಾದ ಜಾಗ ಸಾಮಾನ್ಯವಾಗಿ ನಟ್ಟನಡುವೆ ಇರದೆ ಕೆಳಗೆ ಓರೆಯಲ್ಲಿರುತ್ತದೆ, ತುದಿ ಅದನ್ನು ತಪ್ಪಿಸಬಹುದು.

ಅದಕ್ಕೇ ನನ್ನದೊಂದು ಹಟ: ಪ್ರತಿ ಸಲ ಅದೇ ಯಂತ್ರ, ಆದಷ್ಟು ಅದೇ ಹೊತ್ತು. ನಿದ್ದೆಯಿಂದ ಎದ್ದ ತಕ್ಷಣ ಕಾರ್ನಿಯಾ ಸ್ವಲ್ಪ ಊದಿರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಡಾಕ್ಟರು ಹೇಳಿದಷ್ಟು ದಿನ ಮೊದಲೇ ತೆಗೆದಿಟ್ಟು ಬರಬೇಕು. ಎಷ್ಟೋ ಜನ ಸುಮ್ನೆ ಹಿಂದಿನ ರಾತ್ರಿ ತೆಗೆದು ಬಂದುಬಿಡುತ್ತಾರೆ. ಆ ಸ್ಕ್ಯಾನ್ ನಂಬುವುದು ಕಷ್ಟ.

ದಪ್ಪದ ಅಂಕಿ ನಿಜವಾಗಿ ತೀರ್ಪು ಕೊಡುವುದು ಚಿಕಿತ್ಸೆಗೆ ಮುಂಚೆ. ಮಾಮೂಲಿ ವಿಧಾನದಲ್ಲಿ, ಮೇಲ್ಪೊರೆ ತೆಗೆದ ಮೇಲೆ 400 ಮೈಕ್ರಾನಾದರೂ ಇರಬೇಕು. ಇಲ್ಲದಿದ್ದರೆ ಆ ಬೆಳಕು ಕಾರ್ನಿಯಾದ ಒಳಪದರದ ಕೋಶಗಳಿಗೆ ಏಟು ಕೊಡಬಹುದು. ಚಿಕಿತ್ಸೆ ಆದ ಮೇಲೆ ನಾನು ಜಾಸ್ತಿ ನೋಡುವುದು ಕಾರ್ನಿಯಾದ ಉಬ್ಬನ್ನು. ಈ ಹುಡುಗನ ಉಬ್ಬು ಏರಿರಲಿಲ್ಲ, ದೃಷ್ಟಿಯೂ ಇಳಿದಿರಲಿಲ್ಲ. ಉಬ್ಬು ಏರುತ್ತಾ ದಪ್ಪವೂ ಇಳಿಯುತ್ತಾ ಹೋದರೆ ಮಾತ್ರ ಎರಡನೇ ಸಲ ಚಿಕಿತ್ಸೆಯ ಯೋಚನೆ.

ಇಷ್ಟೆಲ್ಲ ಹೇಳುತ್ತಿರುವಾಗ ಹುಡುಗ ಮುಷ್ಟಿ ಕಟ್ಟಿ ಎಡಗಣ್ಣು ಉಜ್ಜಿಕೊಂಡ, ಇನ್ನೂ ಚಿಕಿತ್ಸೆ ಆಗದ ಕಣ್ಣು. "ಬೇಡಪ್ಪಾ, ಉಜ್ಜಬೇಡ" ಅಂದೆ. ತಾಯಿ ಅವನ ಕೈ ಹಿಡಿದು ಕೆಳಗಿಳಿಸಿದರು. ಅಲರ್ಜಿಗೆ ಹನಿ ಬರೆದು, ಆರನೇ ತಿಂಗಳಿಗೆ ಎರಡೂ ಕಣ್ಣಿನ ಸ್ಕ್ಯಾನ್, ಇದೇ ಯಂತ್ರದಲ್ಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.