ಬಿಪಿ ನಾರ್ಮಲ್ ಬಂತು, ಅಮ್ಮನ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ಅಮ್ಮನಿಗೆ 72 ವರ್ಷ. ಎರಡು ತಿಂಗಳಿಂದ ಬಿಪಿ 130/80ರ ಆಸುಪಾಸಿನಲ್ಲೇ ಇದೆ. ಮಾತ್ರೆ ನಿಲ್ಲಿಸಬಹುದಾ? ಸುಮ್ನೆ ಯಾಕೆ ನುಂಗಿಸೋದು?

ಉತ್ತರ: ನೀವಾಗಿ ನಿಲ್ಲಿಸಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

130/80 ಬಂದಿರುವುದೇ ಮಾತ್ರೆಯಿಂದ. ಜ್ವರದ ಮಾತ್ರೆಯನ್ನು ಜ್ವರ ಹೋದ ಮೇಲೆ ಬಿಡುತ್ತೇವೆ, ಸರಿ. ಬಿಪಿ ಹಾಗೆ ಬಿಟ್ಟು ಹೋಗುವುದಿಲ್ಲ. ವಯಸ್ಸಾದಂತೆ ರಕ್ತನಾಳಗಳು ಬಿರುಸಾಗುತ್ತವೆ. ಮಾತ್ರೆ ಒತ್ತಡವನ್ನು ಹಿಡಿತದಲ್ಲಿಡುತ್ತದೆ, ಅಷ್ಟೇ.

"ಎರಡು ದಿನ ಬಿಟ್ಟು ನೋಡಿದೆವು, ಏನೂ ಏರಲಿಲ್ಲ" ಅನ್ನುತ್ತಾರೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಬಹಳ ಮನೆಗಳಲ್ಲಿರುವ ಆಮ್ಲೋಡಿಪಿನ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದರ ಅರ್ಧದಷ್ಟು ಮೈಯಿಂದ ಹೊರಹೋಗಲು 30ರಿಂದ 50 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಸೋಮವಾರ ನಿಲ್ಲಿಸಿ ಬುಧವಾರ ನೋಡಿದರೆ ಕಾಣುವುದು ಹಳೇ ಮಾತ್ರೆಯ ಕೆಲಸ. ಆಮೇಲೆ ಬಿಪಿ ಮೆಲ್ಲಗೆ ಏರುತ್ತದೆ. ಅಷ್ಟರಲ್ಲಿ ಮಷೀನು ಬೀರು ಸೇರಿರುತ್ತದೆ.

ಏರಿದರೆ ತಲೆನೋವು ಬಂದು ಗೊತ್ತಾಗುತ್ತೆ ಅಲ್ವಾ ಅಂತೀರಿ. ಎಷ್ಟೋ ಜನರಿಗೆ ಗೊತ್ತಾಗುವುದೇ ಇಲ್ಲ. ಮೇಲಿನ ಅಂಕಿ 180 ಇದ್ದರೂ ಆರಾಮಾಗಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಾರೆ. ಮೊದಲ ಸೂಚನೆಯೇ ಲಕ್ವ ಆಗಿರಬಹುದು. ಅಟೆನಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಗಳಂತೂ ಇದ್ದಕ್ಕಿದ್ದಂತೆ ಬಿಡುವಂಥವೇ ಅಲ್ಲ. ಎದೆ ಡವಗುಟ್ಟುತ್ತದೆ, ಹೃದಯದ ತೊಂದರೆ ಇದ್ದವರಿಗೆ ಎದೆನೋವೇ ಬರಬಹುದು. ಅವನ್ನು ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ.

ಹಾಗಂತ ಡೋಸ್ ಯಾವತ್ತೂ ಕಡಿಮೆ ಆಗುವುದಿಲ್ಲ ಅಂತಲ್ಲ. ಅಮ್ಮ ಸೊರಗಿದ್ದರೆ, ಊಟ ಕಡಿಮೆಯಾಗಿದ್ದರೆ, ಎದ್ದ ತಕ್ಷಣ ಕಣ್ಣು ಕತ್ತಲೆ ಬಂದರೆ ಡೋಸ್ ಜಾಸ್ತಿ ಆಗುತ್ತಿರಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಆಮೇಲೆ ಅಮ್ಮನನ್ನು ಎಬ್ಬಿಸಿ ನಿಲ್ಲಿಸಿ, ನಿಂತು ಒಂದು ನಿಮಿಷ ಆದ ಮೇಲೆ ಒಮ್ಮೆ, ಮೂರು ನಿಮಿಷ ಆದ ಮೇಲೆ ಇನ್ನೊಮ್ಮೆ ನೋಡಿ. ಬೀಳದಂತೆ ಪಕ್ಕದಲ್ಲೇ ಇರಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ವಾಂತಿ ಭೇದಿ ಹಿಡಿದಾಗಲೂ ಅವತ್ತೇ ಫೋನ್ ಮಾಡಿ ಕೇಳಿ. ಕೆಲವು ಬಿಪಿ ಮಾತ್ರೆಗಳನ್ನು ಆಗ ಎರಡು ಮೂರು ದಿನ ತಡೆಹಿಡಿಯಬೇಕಾಗುತ್ತದೆ.

"ಬಿಪಿ ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತೆ" ಅನ್ನುವ ಭಯವೂ ನಿಮ್ಮ ಪ್ರಶ್ನೆಯ ಹಿಂದೆ ಇರಬಹುದು. ಕಿಡ್ನಿಯನ್ನು ಕೆಡಿಸುವುದು ಹಿಡಿತ ತಪ್ಪಿದ ಬಿಪಿ. ಅದರ ಜೊತೆಗೆ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತರುವ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟನ್ ಅನ್ನುವ ಬಿಪಿ ಮಾತ್ರೆ ಮತ್ತು ಮೂತ್ರ ಹೋಗುವ ಮಾತ್ರೆ ನಡೆಯುತ್ತಿರುವಾಗ ಇದೂ ಸೇರಿದರೆ ಕಿಡ್ನಿಗೆ ನೇರ ಪೆಟ್ಟು. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಟ್ಟಿದ್ದರೆ ಅದರ ಮೇಲೆ ಹೆಸರೂ ಪೂರ್ತಿ ಇರುವುದಿಲ್ಲ. ಅಮ್ಮನ ದಿಂಬಿನ ಕೆಳಗೆ, ಪರ್ಸಿನಲ್ಲಿ ಒಮ್ಮೆ ನೋಡಿ. ಸಿಕ್ಕಿದ್ದನ್ನೆಲ್ಲ ಬಿಪಿ ಮಾತ್ರೆಯ ಜೊತೆಗೇ ಡಾಕ್ಟರ ಮೇಜಿನ ಮೇಲಿಡಿ.