ಸ್ಪೂಫ್: ಪೆದ್ದ ಪತ್ತೇದಾರನ ಗಂಭೀರ ಮುಖ

ಹಿಂದಿನ ಕಾಲದ ಅಮೆರಿಕದ ಪೊಲೀಸ್ ಧಾರಾವಾಹಿಗಳು ಹೆಚ್ಚುಕಮ್ಮಿ ಒಂದೇ ರೀತಿ ಮುಗಿಯುತ್ತಿದ್ದವು. ಕಳ್ಳ ಸಿಕ್ಕಿರುತ್ತಾನೆ. ಠಾಣೆಯಲ್ಲಿ ಯಾರೋ ಒಂದು ಜೋಕು ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ಆ ನಗುವಿನ ಮೇಲೆ ಚಿತ್ರ ನಿಂತುಬಿಡುತ್ತದೆ. ನಿಂತ ಚಿತ್ರದ ಮೇಲೆ ಹೆಸರುಗಳು ಬರುತ್ತವೆ. 1982ರಲ್ಲಿ ಎಬಿಸಿ ಚಾನೆಲ್ಲಿನಲ್ಲಿ ‘ಪೊಲೀಸ್ ಸ್ಕ್ವಾಡ್!’ ಎಂಬ ಧಾರಾವಾಹಿ ಬಂತು. ಅದರ ಕಂತುಗಳೂ ಹೀಗೇ ಮುಗಿಯುತ್ತವೆ. ವ್ಯತ್ಯಾಸ ಇಷ್ಟೇ: ಚಿತ್ರ ನಿಲ್ಲುವುದಿಲ್ಲ, ನಟರೇ ಅಲುಗಾಡದೆ ನಿಂತುಬಿಡುತ್ತಾರೆ. ಕ್ಯಾಮೆರಾ ಓಡುತ್ತಲೇ ಇರುತ್ತದೆ. ಕಪ್ಪಿಗೆ ಕಾಫಿ ಬಗ್ಗಿಸುತ್ತಿದ್ದವನು ಬಗ್ಗಿಸುವ ಭಂಗಿಯಲ್ಲೇ ಕಲ್ಲಾಗಿದ್ದಾನೆ. ಕಾಫಿ ತುಂಬಿ ಹೊರಗೆ ಹರಿಯುತ್ತಿದೆ. ಅವನು ಕೈ ತೆಗೆಯುವ ಹಾಗಿಲ್ಲ, ಯಾಕೆಂದರೆ ಚಿತ್ರ ‘ನಿಂತಿದೆ’ ಅಲ್ವಾ!

ಸ್ಪೂಫ್ ಅಂದರೆ ಇದು. ಒಂದು ಬಗೆಯ ಸಿನಿಮಾಕ್ಕೆ ಅದರದ್ದೇ ಆದ ಗತ್ತು, ರೂಢಿ, ಕಟ್ಟುಪಾಡು ಇರುತ್ತವೆ. ಅವನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಾ, ಪಾಲಿಸಿದ ರೀತಿಯಿಂದಲೇ ಅವುಗಳ ಬಂಡವಾಳ ಬಯಲು ಮಾಡುವುದು. ನಮ್ಮಲ್ಲಿ ‘ಅಣಕ’ ಎಂಬ ಮಾತು ಇದಕ್ಕೆ ತುಂಬ ಹತ್ತಿರ. ವಿಡಂಬನೆಗೆ ಒಂದು ಸಿಟ್ಟು ಇರುತ್ತದೆ, ಅದು ಸಮಾಜವನ್ನೋ ಸರ್ಕಾರವನ್ನೋ ಚುಚ್ಚಲು ಹೊರಡುತ್ತದೆ. ಸ್ಪೂಫಿಗೆ ಅಂಥ ದೊಡ್ಡ ಉದ್ದೇಶ ಏನಿಲ್ಲ. ಪೊಲೀಸ್ ಸ್ಪೂಫ್ ಕಾಲೆಳೆಯುವುದು ಪೊಲೀಸರನ್ನಲ್ಲ, ಪೊಲೀಸ್ ಸಿನಿಮಾವನ್ನು. ಇದೊಂದು ಗೊತ್ತಿದ್ದರೆ ಅರ್ಧ ವಿಷಯ ತಿಳಿದ ಹಾಗೆ.

ಪದದ ಹುಟ್ಟು ಕೂಡ ತಮಾಷೆಯಾಗಿಯೇ ಇದೆ. ಆರ್ಥರ್ ರಾಬರ್ಟ್ಸ್ ಎಂಬ ಇಂಗ್ಲೆಂಡಿನ ಹಾಸ್ಯನಟ 19ನೇ ಶತಮಾನದ ಕೊನೆಯ ಹೊತ್ತಿಗೆ ಒಂದು ಆಟ ಕಟ್ಟಿದ. ಎದುರಿನವರಿಗೆ ಟೋಪಿ ಹಾಕುವ ಆಟ ಅದು. ಅದಕ್ಕೆ ಸುಮ್ನೆ ಬಾಯಿಗೆ ಬಂದ ಹಾಗೆ ಇಟ್ಟ ಹೆಸರು ಸ್ಪೂಫ್. ಈಗ ಪೇಪರಿನಲ್ಲಿ ಬರುವ ‘ನಂಬರ್ ಸ್ಪೂಫಿಂಗ್’ ಕೂಡ ಇದೇ ಪದ. ಯಾರದೋ ನಂಬರಿನ ಸೋಗು ಹಾಕಿ ಫೋನ್ ಮಾಡಿ ದುಡ್ಡು ಹೊಡೆಯುವ ಕಳ್ಳರಿಗೆ ಮೂಲದ ಆ ಟೋಪಿಯ ಅರ್ಥವೇ ಉಳಿದುಕೊಂಡಿದೆ. ಸಿನಿಮಾದವರಿಗೆ ಬಂದದ್ದು ನಗೆಯ ಅರ್ಥ.

‘ಪೊಲೀಸ್ ಸ್ಕ್ವಾಡ್!’ ಮಾಡಿದವರು ಮೂರು ಜನ: ಅಣ್ಣತಮ್ಮಂದಿರಾದ ಡೇವಿಡ್ ಜುಕರ್, ಜೆರ್ರಿ ಜುಕರ್ ಮತ್ತು ಅವರ ಗೆಳೆಯ ಜಿಮ್ ಅಬ್ರಹಾಮ್ಸ್. ನಾಟಕ ಆಡುತ್ತಿದ್ದ ದಿನಗಳಲ್ಲಿ ಇವರು ತಡರಾತ್ರಿಯ ಟಿವಿಯನ್ನು ರೆಕಾರ್ಡ್ ಮಾಡಿಡುತ್ತಿದ್ದರು. ಅಣಕಿಸಲು ಜಾಹೀರಾತು ಸಿಗಲಿ ಅಂತ. ಒಮ್ಮೆ ಜಾಹೀರಾತಿನ ಜೊತೆಗೆ 1957ರ ‘ಜೀರೋ ಅವರ್!’ ಎಂಬ ವಿಮಾನದ ಸಿನಿಮಾವೂ ಟೇಪಿಗೆ ಬಂತು. ಅದು ಎಷ್ಟು ಬಿಗುಮಾನದ ಸಿನಿಮಾ ಅಂದರೆ, ನೋಡುತ್ತಾ ನೋಡುತ್ತಾ ಇವರಿಗೆ ನಗು ಬರತೊಡಗಿತು. ಅದರ ಹಕ್ಕನ್ನೇ ಕೊಂಡುಕೊಂಡರು. ಕಥೆ ಅದೇ, ಎಷ್ಟೋ ಮಾತುಗಳೂ ಅವೇ. ಸುತ್ತಮುತ್ತ ಒಂದಿಷ್ಟು ಹುಚ್ಚಾಟ ತುಂಬಿ 1980ರಲ್ಲಿ ‘ಏರ್‌ಪ್ಲೇನ್!’ ಮಾಡಿದರು. ಅದು ಭರ್ಜರಿಯಾಗಿ ಓಡಿತು.

ಆಮೇಲೆ ಬಂದ ‘ಪೊಲೀಸ್ ಸ್ಕ್ವಾಡ್!’ ಮಾತ್ರ ಆರೇ ಕಂತಿಗೆ ನಿಂತುಹೋಯಿತು. ಅದನ್ನು ಗಮನವಿಟ್ಟು ನೋಡಬೇಕು, ಸುಮ್ಮನೆ ಕಿವಿಗೆ ಬೀಳಿಸಿಕೊಂಡರೆ ಆಗುವುದಿಲ್ಲ ಎನ್ನುವುದೇ ಚಾನೆಲ್ಲಿನವರ ತಕರಾರು. ಮಾತು ಸುಳ್ಳಲ್ಲ. ಎಲ್ಲಿ ನಗಬೇಕು ಎಂದು ಹೇಳಿಕೊಡುವ ಹಿನ್ನೆಲೆ ನಗು ಅದರಲ್ಲಿ ಇರಲಿಲ್ಲ. ಅರ್ಧ ತಮಾಷೆ ನಡೆಯುತ್ತಿದ್ದದ್ದು ಹಿಂದಿನ ಕಿಟಕಿಯಲ್ಲಿ, ಗೋಡೆಯ ಬೋರ್ಡಿನಲ್ಲಿ. ಅಡುಗೆಮನೆಯಲ್ಲಿ ಕೂತು ಟಿವಿ ಕೇಳುವವರಿಗೆ ಅದೊಂದು ಮಾಮೂಲಿ ಪೊಲೀಸ್ ಕಥೆ ಅಷ್ಟೇ.

ಆದರೂ ಅವರು ಬಿಡಲಿಲ್ಲ. ಅದೇ ಪತ್ತೇದಾರ ಫ್ರಾಂಕ್ ಡ್ರೆಬಿನ್‌ನನ್ನು 1988ರಲ್ಲಿ ‘ದಿ ನೇಕೆಡ್ ಗನ್’ ಎಂಬ ಸಿನಿಮಾ ಮಾಡಿ ದೊಡ್ಡ ಪರದೆಗೆ ತಂದರು. ಇಂಗ್ಲೆಂಡಿನ ರಾಣಿ ಲಾಸ್ ಏಂಜಲೀಸಿಗೆ ಬರುತ್ತಾಳೆ, ಅವಳನ್ನು ಕೊಲ್ಲಲು ಸಂಚು ನಡೆದಿದೆ, ಡ್ರೆಬಿನ್ ತಡೆಯಬೇಕು. ಕಥೆ ಅಂತ ಇರುವುದು ಇಷ್ಟೇ. ಇಷ್ಟು ಸಾಕು ಕೂಡ.

ಅದರ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಪತ್ರಿಕಾಗೋಷ್ಠಿ. ಡ್ರೆಬಿನ್ ಮಾತಾಡಿ ಮುಗಿಸಿ ಇಳಿಯುತ್ತಾನೆ. ಮುಂದೆ ಊರಿನ ಮೇಯರ್ ಮಾತಾಡಬೇಕು. ಡ್ರೆಬಿನ್ ಸೀದಾ ಶೌಚಾಲಯಕ್ಕೆ ಹೋಗುತ್ತಾನೆ. ಅಂಗಿಗೆ ಸಿಕ್ಕಿಸಿದ ಮೈಕು ಹಾಗೇ ಇದೆ! ಮೇಯರಮ್ಮ ರಾಣಿಯ ಭೇಟಿಯ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರೆ ಸಭಾಂಗಣದ ಸ್ಪೀಕರಿನಲ್ಲಿ ಉಳಿದದ್ದೆಲ್ಲ ಕೇಳುತ್ತಿದೆ, ಜೊತೆಗೆ ಅವನ ಗುನುಗು ಹಾಡೂ. ಎಂಥ ಅಗ್ಗದ ಜೋಕು ಅಂತ ಅನಿಸಬಹುದು, ಅಗ್ಗದ್ದೇ. ಆದರೆ ಅದನ್ನು ಎತ್ತಿ ನಿಲ್ಲಿಸುವುದು ಶಬ್ದ ಅಲ್ಲ. ಮೇಯರ್ ಮಾತು ನಿಲ್ಲಿಸದೆ ಮುಂದುವರಿಸಲು ಪಡುವ ಪಾಡು, ಅಲ್ಲಿ ಒಳಗೆ ಡ್ರೆಬಿನ್ನನ ನೆಮ್ಮದಿ. ಯಾರೂ ‘ಇದು ತಮಾಷೆ’ ಎಂಬ ಮುಖ ಮಾಡುವುದಿಲ್ಲ.

ಡ್ರೆಬಿನ್ ಆಗಿ ಮಾಡಿದವರು ಲೆಸ್ಲಿ ನೀಲ್ಸನ್. ಕೆನಡಾದವರು, 1926ರಲ್ಲಿ ಹುಟ್ಟಿದವರು. ಅವರ ಅಪ್ಪ ನಿಜವಾಗಿಯೂ ಪೊಲೀಸ್, ಕೆನಡಾದ ಪ್ರಸಿದ್ಧ ಮೌಂಟೆಡ್ ಪಡೆಯಲ್ಲಿದ್ದವರು. ಮಗ ದಶಕಗಟ್ಟಲೆ ಗಂಭೀರ ಪಾತ್ರಗಳನ್ನೇ ಮಾಡಿದ್ದ. 1972ರ ‘ದಿ ಪೊಸೈಡನ್ ಅಡ್ವೆಂಚರ್’ನಲ್ಲಿ ಮುಳುಗುವ ಹಡಗಿನ ಕ್ಯಾಪ್ಟನ್ ಅವರೇ. ಬಿಳಿ ಕೂದಲು, ತೂಕದ ದನಿ, ನಂಬಿಕೆ ಹುಟ್ಟಿಸುವ ಮುಖ. ಅವರನ್ನು ಕರೆತಂದು, ‘ನೀವು ಹಿಂದೆ ಹೇಗೆ ಮಾಡುತ್ತಿದ್ದಿರೋ ಹಾಗೇ ಮಾಡಿ’ ಎನ್ನುವ ರೀತಿಯಲ್ಲಿ ನಿಲ್ಲಿಸಿದ್ದೇ ಜುಕರ್ ತಂಡದ ಜಾಣತನ. ನುರಿತ ಹಾಸ್ಯನಟನನ್ನು ಹಾಕಿದ್ದರೆ ಅವನು ಜೋಕಿಗೆ ಕಾಯುತ್ತಾ ನಿಲ್ಲುತ್ತಿದ್ದ.

ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ಸಂಗತಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಆಟ ನೋಡುತ್ತ ಬೆಳೆದವರಿಗೆ ರಂಗಸ್ಥಳದಲ್ಲಿ ನಗೆ ಎಲ್ಲಿಂದ ಬರುತ್ತದೆ ಎಂದು ಗೊತ್ತು. ಹಾಸ್ಯಗಾರ ದೂತನಾಗಿಯೋ ಮಂತ್ರವಾದಿಯಾಗಿಯೋ ಬರುತ್ತಾನೆ, ಭಾಗವತರ ಜೊತೆ ಮಾತಿಗೆ ನಿಲ್ಲುತ್ತಾನೆ, ನಗಿಸುತ್ತಾನೆ. ತಾನು ನಗಿಸುವವ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು. ಪಕ್ಕದಲ್ಲಿ ಕಿರೀಟ ವೇಷ ತನ್ನ ಗಾಂಭೀರ್ಯ ಕಾದುಕೊಂಡು ಇರುತ್ತದೆ. ಸ್ಪೂಫಿನಲ್ಲಿ ಹಾಸ್ಯಗಾರ ಇಲ್ಲವೇ ಇಲ್ಲ. ಕಿರೀಟ ವೇಷವೇ ಅದೇ ಗತ್ತಿನಲ್ಲಿ, ಅದೇ ಹೆಜ್ಜೆಯಲ್ಲಿ ಬಂದು ಇಲ್ಲದ ಪೀಠದ ಮೇಲೆ ಕೂತು ಬೀಳುತ್ತದೆ. ಬಿದ್ದಲ್ಲಿಂದಲೇ ಪದ್ಯಕ್ಕೆ ಅರ್ಥ ಹೇಳುತ್ತದೆ. ಎದುರು ವೇಷವೂ ಏನೂ ಆಗದವರ ಹಾಗೆ ಉತ್ತರ ಕೊಡುತ್ತದೆ.

ಈ ಬೀಳುವುದು, ಏಳುವುದು, ಬಾಗಿಲಿಗೆ ಮೂತಿ ಬಡಿಸಿಕೊಳ್ಳುವುದು, ಇದಕ್ಕೆ ಬೇರೆ ಹೆಸರಿದೆ, ಸ್ಲ್ಯಾಪ್‌ಸ್ಟಿಕ್. ಇಟಲಿಯ ಹಳೆಯ ಬೀದಿ ನಾಟಕಗಳಲ್ಲಿ ಎರಡು ಮರದ ಪಟ್ಟಿ ಜೋಡಿಸಿದ ಒಂದು ಕೋಲು ಇರುತ್ತಿತ್ತು. ಹೊಡೆದರೆ ‘ಚಟೀರ್’ ಎಂದು ದೊಡ್ಡ ಸದ್ದು, ನೋವು ಕಮ್ಮಿ. ಅದೇ ಹೆಸರಾಯಿತು. ಮೂಕಿ ಚಿತ್ರಗಳ ಕಾಲದಲ್ಲಿ, 1912ರಿಂದ ಮ್ಯಾಕ್ ಸೆನೆಟ್ ಎಂಬವರು ‘ಕೀಸ್ಟೋನ್ ಕಾಪ್ಸ್’ ಎಂಬ ಪೊಲೀಸರ ಪಟಾಲಮ್ಮನ್ನು ಓಡಿಸಿ, ಬೀಳಿಸಿ ಜನರನ್ನು ನಗಿಸಿದರು. ಅದು ಸ್ಲ್ಯಾಪ್‌ಸ್ಟಿಕ್, ಸ್ಪೂಫ್ ಅಲ್ಲ. ಬೀಳುವವನು ಪೊಲೀಸ್ ಎಂಬುದಷ್ಟೇ ಅಲ್ಲಿ ತಮಾಷೆ, ಯಾವ ಸಿನಿಮಾದ ರೂಢಿಯನ್ನೂ ಅದು ಅಣಕಿಸುತ್ತಿರಲಿಲ್ಲ. ಎರಡೂ ಒಟ್ಟಿಗೆ ಬರಬಹುದು, ಡ್ರೆಬಿನ್‌ನಲ್ಲಿ ಬಂದಿವೆ.

ಪೆದ್ದ ಪತ್ತೇದಾರ ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ‘ದಿ ಪಿಂಕ್ ಪ್ಯಾಂಥರ್’ನ (1963) ಇನ್ಸ್‌ಪೆಕ್ಟರ್ ಕ್ಲೂಸೋ. ಪೀಟರ್ ಸೆಲ್ಲರ್ಸ್ ಮಾಡಿದ ಪಾತ್ರ. ತಿರುಗುವ ಭೂಗೋಳಕ್ಕೆ ಒರಗಿ ದೊಪ್ಪನೆ ಬೀಳುವವನು. ಅವನದೂ ಇದೇ ಗುಟ್ಟು: ತಾನು ಜಗತ್ತಿನ ಅತಿ ದೊಡ್ಡ ಪತ್ತೇದಾರ ಎಂಬ ಬಗ್ಗೆ ಅವನಿಗೆ ಸಂಶಯವೇ ಇಲ್ಲ. ಒಂದು ವ್ಯತ್ಯಾಸ ಇದೆ. ಕ್ಲೂಸೋ ಪೆದ್ದ, ಅವನ ಲೋಕ ಸರಿಯಾಗಿದೆ. ಅದಕ್ಕೇ ಅವನ ಮೇಲಧಿಕಾರಿಗೆ ತಲೆಕೆಡುತ್ತದೆ. ಡ್ರೆಬಿನ್ನನ ಲೋಕವೇ ಪೆದ್ದು, ಅಲ್ಲಿ ಅವನನ್ನು ನೋಡಿ ಯಾರೂ ಬೆಚ್ಚುವುದಿಲ್ಲ. ನನ್ನ ಮಟ್ಟಿಗೆ ಅಪ್ಪಟ ಸ್ಪೂಫ್ ಎರಡನೆಯದು.

ಕಾಸರಗೋಡಿನಲ್ಲಿ ಇದ್ದು ಮಲಯಾಳಂ ಸಿನಿಮಾ ಬಿಟ್ಟು ಈ ಮಾತು ಆಡಿದರೆ ಆಚೆಮನೆಯವರೇ ಬೈದಾರು. ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿದ ‘ನಾಡೋಡಿಕ್ಕಾಟ್ಟ್’ (1987) ಸಿನಿಮಾದ ದಾಸ ಮತ್ತು ವಿಜಯನ್ ಯಾರಿಗೆ ಗೊತ್ತಿಲ್ಲ? ದುಬೈ ಅಂತ ನಂಬಿ ಮದ್ರಾಸಿನ ಕಡಲದಂಡೆಗೆ ಇಳಿದವರು. ಅವರನ್ನು ಸಿಐಡಿಗಳು ಎಂದು ಕಳ್ಳಸಾಗಣೆದಾರರು ತಪ್ಪು ತಿಳಿಯುತ್ತಾರೆ. ಮುಂದಿನ ಎರಡು ಸಿನಿಮಾಗಳಲ್ಲಿ, ‘ಪಟ್ಟಣಪ್ರವೇಶಂ’ (1988) ಮತ್ತು ‘ಅಕ್ಕರೆ ಅಕ್ಕರೆ ಅಕ್ಕರೆ’ಯಲ್ಲಿ (1990), ಅವರು ನಿಜವಾಗಿಯೂ ಸಿಐಡಿಗಳೇ! ಮೋಹನ್‌ಲಾಲ್, ಶ್ರೀನಿವಾಸನ್ ಇಬ್ಬರದೂ ಹಾಸ್ಯವೇ ಹೊರತು ಸ್ಪೂಫ್ ಅಲ್ಲ. ಸ್ಪೂಫ್ ಇರುವುದು ಮೊದಲ ಸಿನಿಮಾದಲ್ಲಿ ಅವರನ್ನು ಕೊಲ್ಲಲು ಬರುವ ಪವನಾಯಿಯಲ್ಲಿ. ಕ್ಯಾಪ್ಟನ್ ರಾಜು ಮಾಡಿದ ಪಾತ್ರ. ಬಾಡಿಗೆ ಕೊಲೆಗಾರನ ಎಲ್ಲ ಸರಂಜಾಮು ಇದೆ, ಗತ್ತು ಇದೆ, ಪೆಟ್ಟಿಗೆ ತುಂಬ ಆಯುಧ ಇದೆ. ಕೊನೆಗೆ ಗೋಪುರದ ಮೇಲಿಂದ ಬಿದ್ದು ಸಾಯುತ್ತಾನೆ, ಅಷ್ಟೇ. ಕ್ಯಾಪ್ಟನ್ ರಾಜು ಒಂದು ಕ್ಷಣವೂ ನಗಿಸಲು ಹೊರಡುವುದಿಲ್ಲ. ಖಳನಾಯಕನಾಗಿ ಹೆಸರು ಮಾಡಿದ್ದ ನಟನನ್ನೇ ತಂದು ನಿಲ್ಲಿಸಿದ್ದಾರೆ ನೋಡಿ, ನೀಲ್ಸನ್ ಲೆಕ್ಕಾಚಾರವೇ. ಭಾರೀ ಸದ್ದು ಮಾಡಿ ಬಂದು ಠುಸ್ಸಾಗುವ ಯಾವುದಕ್ಕೂ ಮಲಯಾಳಿಗಳು ಈಗಲೂ ಪವನಾಯಿಯ ಹೆಸರು ಹೇಳುತ್ತಾರೆ.

ಕನ್ನಡದಲ್ಲಿ ಅಣಕಿಸಲು ಸರಕು ಕಮ್ಮಿ ಏನಿಲ್ಲ. 1968ರ ‘ಜೇಡರ ಬಲೆ’ಯಿಂದ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999 ಸಿನಿಮಾಗಳು ಇವೆ. ಅವು ಬಾಂಡ್ ಸಿನಿಮಾಗಳ ದಾರಿಯಲ್ಲಿ ನಡೆದವು, ಆದರೆ ಅಣಕ ಅಲ್ಲ. ಅಲ್ಲಿ ಗತ್ತು ನಿಜವಾದ ಗತ್ತೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದಾನೆ. ಗಡಿಯ ಈ ಕಡೆ ಲೈಬ್ರರಿಯಲ್ಲಿ ಕೋಟ್ಟಯಂ ಪುಷ್ಪನಾಥರ ಡಿಟೆಕ್ಟಿವ್ ಮಾರ್ಕ್ಸಿನ್ ಕೂಡ. ಇವನ್ನೆಲ್ಲ ಓದಿ ಬೆಳೆದ ಊರಿಗೆ ಪತ್ತೇದಾರಿ ಕಥೆಯ ಪಟ್ಟುಗಳು ಬಾಯಿಪಾಠ. ಸ್ಪೂಫಿಗೆ ಬೇಕಾದ ಮೊದಲ ಬಂಡವಾಳ ಅದೇ, ಮೂಲ ಗೊತ್ತಿಲ್ಲದವರಿಗೆ ಅಣಕ ಹತ್ತುವುದಿಲ್ಲ.

ಜುಕರ್ ತಂಡದ ಇನ್ನೊಂದು ಮುಖ್ಯ ಪಟ್ಟು, ಆಡಿದ ಮಾತನ್ನು ಅಕ್ಷರಶಃ ಮಾಡಿ ತೋರಿಸುವುದು. ಅದು ಇಂಗ್ಲಿಷಿನಲ್ಲಿ ಹುಟ್ಟಿದ್ದು, ಸಬ್‌ಟೈಟಲ್ಲಿನಲ್ಲಿ ಸತ್ತುಹೋಗುತ್ತದೆ. ಕನ್ನಡದಲ್ಲೇ ಒಂದು ಮಾಡಿ ನೋಡೋಣ. ಕುಂಬಳೆ ಪೇಟೆ, ಪೊಲೀಸ್ ಜೀಪು ಬಂದು ನಿಲ್ಲುತ್ತದೆ, ಎಸ್‌ಐ ಇಳಿಯುತ್ತಾನೆ, ಹಿನ್ನೆಲೆಯಲ್ಲಿ ಎದೆ ನಡುಗಿಸುವ ಸಂಗೀತ.

“ಆರೋಪಿ ಎಲ್ಲಿ?”

“ತಲೆಮರೆಸಿಕೊಂಡಿದ್ದಾನೆ ಸಾರ್.”

ಎದುರಿನ ಹೋಟೆಲಿನ ಬೆಂಚಿನಲ್ಲಿ ಆರೋಪಿ ತಲೆಗೆ ಬೈರಾಸು, ಅಂದರೆ ಟವೆಲು, ಹೊದ್ದುಕೊಂಡು ಚಾ ಕುಡಿಯುತ್ತಿದ್ದಾನೆ. ಎಸ್‌ಐ ಅವನ ಸುತ್ತ ಒಂದು ಸುತ್ತು ಬರುತ್ತಾನೆ. ಬಗ್ಗಿ ನೋಡುತ್ತಾನೆ. “ಹೌದು, ತಲೆ ಕಾಣ್ತಾ ಇಲ್ಲ” ಎಂದು ಪುಸ್ತಕದಲ್ಲಿ ಬರೆದುಕೊಂಡು ಜೀಪು ಹತ್ತುತ್ತಾನೆ. ಅಷ್ಟರಲ್ಲಿ ಗಾಳಿಗೆ ಬೈರಾಸು ಹಾರುತ್ತದೆ. ಆರೋಪಿ ಓಡುತ್ತಾನೆ. “ಅವನ ಬೆನ್ನು ಹತ್ತಿ!” ಎಂದು ಎಸ್‌ಐ ಕೂಗುತ್ತಾನೆ. ಮುಂದಿನ ಶಾಟಿನಲ್ಲಿ ಆರೋಪಿ ಓಡುತ್ತಲೇ ಇದ್ದಾನೆ, ಪಿಸಿ ಅವನ ಬೆನ್ನ ಮೇಲೆ ಕೂತು ಎಡಕ್ಕೆ, ಬಲಕ್ಕೆ ಅಂತ ದಾರಿ ಹೇಳುತ್ತಿದ್ದಾನೆ.

ಇಲ್ಲಿ ಪಿಸಿ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿದನೋ, ‘ಟೊಯ್ಂಯ್’ ಅಂತ ಒಂದು ಸೌಂಡ್ ಬಂತೋ, ಕೆಟ್ಟಿತು. ಸಂಗೀತ ಕೊನೆಯವರೆಗೂ ಕೊಲೆ ಕೇಸಿನದೇ ಇರಬೇಕು. ನಮ್ಮ ಶಾಲಾ ವಾರ್ಷಿಕೋತ್ಸವದ ಪೊಲೀಸ್ ಠಾಣೆಯ ಪ್ರಹಸನಗಳು ಸೋಲುವುದು ಇಲ್ಲೇ. ಹೊಟ್ಟೆಗೆ ತಲೆದಿಂಬು ಕಟ್ಟಿದ ಪೇದೆ ಬರುವಾಗಲೇ ಹಲ್ಲುಕಿರಿಯುತ್ತಾ ಬರುತ್ತಾನೆ. ಮಕ್ಕಳನ್ನು ಬಿಡಿ, ದೊಡ್ಡ ಪರದೆಯಲ್ಲೂ ಸ್ಪೂಫ್ ಎಂದು ಹೇಳಿಕೊಂಡು ಬರುವ ಎಷ್ಟೋ ಸಿನಿಮಾಗಳದು ಇದೇ ಕಥೆ. ಬೇರೆ ಸಿನಿಮಾದ ದೃಶ್ಯ ತಂದು, ಅದೇ ಬಟ್ಟೆ ತೊಡಿಸಿ, ಒಮ್ಮೆ ಕಿರುಚಿದರೆ ಆಯಿತು ಅಂದುಕೊಂಡಿರುತ್ತಾರೆ. ಗುರುತು ಹಿಡಿದದ್ದಕ್ಕೆ ಒಂದು ನಗು ಬರುತ್ತದೆ, ಎರಡನೆಯದು ಬರುವುದಿಲ್ಲ.

‘ನೇಕೆಡ್ ಗನ್’ 1991 ಮತ್ತು 1994ರಲ್ಲಿ ಇನ್ನೆರಡು ಸಲ ಬಂತು. ನೀಲ್ಸನ್ 2010ರಲ್ಲಿ ತೀರಿಕೊಂಡರು. 2025ರಲ್ಲಿ ಅಕೀವಾ ಶಾಫರ್ ಹೊಸದೊಂದು ಮಾಡಿದಾಗ ಡ್ರೆಬಿನ್ನನ ಮಗನಾಗಿ ಬಂದದ್ದು ಲಿಯಾಮ್ ನೀಸನ್, ಮುಖ ಸಡಿಲಿಸದೆ ಹೊಡೆದಾಟದ ಸಿನಿಮಾ ಮಾಡುವುದಕ್ಕೇ ಹೆಸರಾದವರು. ಹೊಸಬರು ನೋಡುವುದಾದರೆ ಹಳೆಯ ‘ಪೊಲೀಸ್ ಸ್ಕ್ವಾಡ್!’ ಕಂತುಗಳಿಂದ ಶುರು ಮಾಡಿ. ಅರ್ಧರ್ಧ ಗಂಟೆಯವು, ಆರೇ ಇರುವುದು. ಸಿನಿಮಾಗಳಲ್ಲಿ ಪೋಲಿ ಜೋಕು ಜಾಸ್ತಿ, ಸಣ್ಣ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥವಲ್ಲ. ಮತ್ತೆ, ಮೊಬೈಲು ಒತ್ತುತ್ತಾ ನೋಡಬೇಡಿ. ಚಾನೆಲ್ಲಿನವರ ಆ ತಕರಾರು ಈಗಲೂ ನಿಜವೇ.